ದುಡ್ಡು ಕೊಟ್ಟು ಕೊಂಡ ಗೇಮನ್ನು ಕಂಪನಿ ಮುಚ್ಚಿಬಿಡಬಹುದೇ? ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಒಬ್ಬರೇ ಆಡುವ ಗೇಮಿಗೂ ಸರ್ವರ್ (ನೆಟ್ ಮೂಲಕ ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್) ಯಾಕೆ ಬೇಕು, ಅದು ನಿಂತರೆ ನಮ್ಮ ದುಡ್ಡಿನ ಗತಿಯೇನು ಅಂತ ಕೇಳಿದ್ದೀರಿ. ಒಪ್ಪಂದದ ಪ್ರಕಾರ ನೀವು ಕೊಳ್ಳುವುದು ಗೇಮನ್ನಲ್ಲ, ಆಡಲು ಲೈಸೆನ್ಸನ್ನು. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದ ಕಾನೂನು ಇದನ್ನು ಕೊಳ್ಳುವಾಗಲೇ ತಿಳಿಸಬೇಕು ಅನ್ನುತ್ತದೆ. ಪಿಸಿ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್ ಅಂತೂ ಅದಕ್ಕೂ ಮುಂಚೆಯೇ ಕಾರ್ಟಿನಲ್ಲಿ ಒಂದು ಸಾಲು ಸೇರಿಸಿಬಿಟ್ಟಿತು.

ಕೊಂಡ ಗೇಮನ್ನು ಮುಚ್ಚುವ ಬಗೆಗಿನ ಈ ಜಗಳ ಜೋರಾದದ್ದು ಯೂಬಿಸಾಫ್ಟ್ ಅನ್ನುವ ಗೇಮ್ ಕಂಪನಿಯ 'ದಿ ಕ್ರೂ' ಇಂದ. 2014ರ ಡಿಸೆಂಬರಿನಲ್ಲಿ ಬಂದ ಕಾರ್ ಗೇಮ್ ಅದು. 2023ರ ಡಿಸೆಂಬರಿನಲ್ಲಿ ಮಾರಾಟ ನಿಂತಿತು, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಆಮೇಲೆ, ಮೊದಲೇ ಕೊಂಡಿದ್ದವರ ಲೈಸೆನ್ಸೂ ರದ್ದಾಯಿತು. ಇಡೀ ಕಥೆಯನ್ನು ಒಬ್ಬರೇ ಆಡಬಹುದಿತ್ತು, ಆದರೆ ಆಟಗಾರರ ಪ್ರಗತಿಯೆಲ್ಲ ಇದ್ದದ್ದು ಸರ್ವರಿನಲ್ಲಿ. ಹಾಗಾಗಿ ಡಿಸ್ಕ್ ಕೈಲಿದ್ದವರಿಗೂ ಉಳಿದದ್ದು ಬರೀ ತಟ್ಟೆ.

ಕಂಪನಿ ಕೊಟ್ಟ ಕಾರಣ ಎರಡು: ಸರ್ವರ್ ವ್ಯವಸ್ಥೆ, ಲೈಸೆನ್ಸಿಂಗ್ (ಬೇರೆಯವರ ಸ್ವತ್ತನ್ನು ಗೇಮಿನಲ್ಲಿ ಬಳಸುವ ಅನುಮತಿ). ಎರಡನೆಯದನ್ನು ನಾನು ಒಪ್ಪುವುದಿಲ್ಲ. 'ಫೋರ್ಜಾ ಹೊರೈಜನ್ 4' ಅನ್ನುವ ಇನ್ನೊಂದು ಕಾರ್ ಗೇಮಿನಲ್ಲೂ ಕಾರು, ಹಾಡುಗಳ ಲೈಸೆನ್ಸ್ ಮುಗಿಯಿತು; 2024ರ ಡಿಸೆಂಬರಿನಲ್ಲಿ ಮಾರಾಟ ನಿಲ್ಲಿಸಿದರು, ಅಷ್ಟೆ. ಕೊಂಡವರ ಗೇಮ್ ಅವರ ಬಳಿಯೇ ಉಳಿಯಿತು. ಹೊಸದಾಗಿ ಮಾರಬಾರದು ಅನ್ನುವುದಕ್ಕೂ ಮಾರಿದ್ದನ್ನು ವಾಪಸ್ ಕಿತ್ತುಕೊಳ್ಳುವುದಕ್ಕೂ ಅಜಗಜಾಂತರ.

ಸರ್ವರ್ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಸರ್ವರ್ ತಂತ್ರಾಂಶದೊಳಗೆ ಬೇರೆ ಕಂಪನಿಗಳಿಂದ ತಂದ ಭಾಗಗಳಿರುತ್ತವೆ, ಅವನ್ನು ಹಾಗೇ ಜನರಿಗೆ ಹಂಚಲು ಬರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಬಿಚ್ಚಿ ತೆಗೆಯಲು ಹೊರಟರೆ ಖರ್ಚು ವಿಪರೀತ, ಅಷ್ಟರಲ್ಲಿ ಅದನ್ನು ಬರೆದವರೂ ಕೆಲಸ ಬಿಟ್ಟಿರುತ್ತಾರೆ. ಪ್ರಗತಿಯನ್ನು ಉಳಿಸಿಡುವ ಸೇವ್ ಫೈಲ್ ಆಟಗಾರನ ಯಂತ್ರದಲ್ಲೂ ಇರಲಿ ಅಂತ ಶುರುವಿನಲ್ಲೇ ತೀರ್ಮಾನಿಸಿದ್ದರೆ ಇಷ್ಟು ತೊಂದರೆಯಿಲ್ಲ. 'ನಾಕೌಟ್ ಸಿಟಿ' ಆನ್‌ಲೈನ್ ಗೇಮೇ ಆದರೂ 2023ರಲ್ಲಿ ಮುಚ್ಚುವಾಗ ಪಿಸಿ ಆಟಗಾರರು ತಾವೇ ಸರ್ವರ್ ನಡೆಸಿಕೊಳ್ಳುವಂಥ ಆವೃತ್ತಿಯನ್ನು ಕೊಟ್ಟು ಹೋಯಿತು. ಯೂಬಿಸಾಫ್ಟ್ ಕೂಡ, ಗಲಾಟೆ ಆದ ಮೇಲೆ, 'ದಿ ಕ್ರೂ 2'ಕ್ಕೆ ಆಫ್‌ಲೈನ್ ಮೋಡ್ ಕೊಡುತ್ತೇವೆ ಅಂತ 2024ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಮನಸ್ಸು ಮಾಡಿದರೆ ಆಗುವ ಕೆಲಸವೇ ಅದು.

ಈಗ ನಿಮ್ಮ ಕೈಲಾಗುವುದು. ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಆಡಿದ ಸಮಯ 2 ಗಂಟೆ ದಾಟುವ ಮೊದಲು ಕೇಳಿದರೆ ದುಡ್ಡು ವಾಪಸ್. ಆ 2 ಗಂಟೆಯಲ್ಲೇ ಪರೀಕ್ಷೆ ಮಾಡಿ. ಮೊದಲು ನೆಟ್ ಇದ್ದಾಗ ಒಮ್ಮೆ ತೆರೆದು, ಅಪ್‌ಡೇಟ್ ಮುಗಿಸಿ, ಹೊರಗೆ ಬನ್ನಿ. ಸ್ಟೀಮ್ ಮೆನುವಿನಲ್ಲಿ ಆಫ್‌ಲೈನ್‌ಗೆ ಹೋಗಿ, ವೈಫೈಯನ್ನೂ ಆರಿಸಿ. ಗೇಮ್ ತೆರೆದು ಹತ್ತು ನಿಮಿಷ ಕಥೆ ಆಡಿ, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಮೆನು ಬಂತು ಅಂತ ಖುಷಿಪಡಬೇಡಿ. ಎಷ್ಟೋ ಗೇಮುಗಳು ಕೈಕೊಡುವುದು ಸೇವ್ ತೆರೆಯುವ ಹೊತ್ತಿಗೆ. ಪಾಸಾದರೂ ಅದು ಪೂರ್ತಿ ಖಾತರಿಯಲ್ಲ, ಕೆಲವು ಡಿಆರ್‌ಎಂಗಳು (ನಕಲು ತಡೆಯಲು ಗೇಮಿಗೆ ಹಾಕುವ ಬೀಗ) ಆಗಾಗ ನೆಟ್‌ನಲ್ಲಿ ಮರುಪರಿಶೀಲನೆ ಕೇಳುತ್ತವೆ. ಡಿಆರ್‌ಎಂ ಇದೆಯೇ, ಬೇರೆ ಕಂಪನಿಯ ಅಕೌಂಟ್ ಬೇಕೇ ಅನ್ನುವುದು ಸ್ಟೋರ್ ಪುಟದ ಬಲಗಡೆ ಸಣ್ಣ ಚೌಕದಲ್ಲಿರುತ್ತದೆ. ಟ್ರೇಲರಿಗಿಂತ ಮುಂಚೆ ಅದನ್ನು ಓದಿ.

ಒಂದು ಎಚ್ಚರಿಕೆ: ಕೆಲವು ಗೇಮುಗಳು ಉಳಿದ ಫೈಲುಗಳನ್ನು ತಮ್ಮದೇ ಲಾಂಚರ್ ತೆರೆದು ಇಳಿಸಿಕೊಳ್ಳುತ್ತವೆ. ಆ ಹೊತ್ತನ್ನೂ ಸ್ಟೀಮ್ 'ಆಡಿದ ಸಮಯ'ಕ್ಕೇ ಸೇರಿಸುತ್ತದೆ.

ಡಿಆರ್‌ಎಂ ಇಲ್ಲದ ಗೇಮುಗಳನ್ನು ಮಾರುವ ಜಿಒಜಿ (GOG) ಅಂಗಡಿಯಲ್ಲಿ ಅದೇ ಗೇಮ್ ಸಿಕ್ಕರೆ ಅಲ್ಲೇ ಕೊಳ್ಳಿ. ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು, ಬರೀ ಲೈಬ್ರರಿಯಲ್ಲಿ ಹೆಸರಿದ್ದರೆ ಸಾಲದು. ಹಲವು ಭಾಗಗಳಿದ್ದರೆ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ. ಒಂದು ಬಿಟ್ಟುಹೋದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ.