ಮಿಷನರಿಗಳು ಊರಿಗೆ ಮರಳಿದ ಮೇಲೆ ಪ್ರಾರ್ಥನೆಯೇ ಬತ್ತಿಹೋದಂತೆ ಅನ್ನಿಸುವುದೇಕೆ?

ನಂಬಿಕೆ ಹೋಯಿತೆಂದಲ್ಲ, ಅದಕ್ಕೆ ಆಸರೆಯಾಗಿದ್ದ ದಿನಚರಿ ಕಳಚಿಬಿದ್ದಿರುತ್ತದೆ. ಹೊರದೇಶದಲ್ಲಿ ವೀಸಾ, ಕಾಯಿಲೆ, ಭಾಷೆ ಎಲ್ಲಕ್ಕೂ ಪ್ರಾರ್ಥನೆಯೇ ಗತಿಯಾಗಿತ್ತು, ಜೊತೆಗೆ ಕೂರುವ ತಂಡವೂ ಇತ್ತು. ಊರಲ್ಲಿ ಎರಡೂ ಇಲ್ಲ. ಅಮೆರಿಕದ ಎಷ್ಟೋ ಮಿಷನರಿಗಳಿಗಂತೂ ರಜೆಯೆಂಬುದು ಹೆಸರಿಗಷ್ಟೇ: ದೇಣಿಗೆ ಕೊಡುವ ಚರ್ಚುಗಳನ್ನು ಸುತ್ತಬೇಕು, ಭಾನುವಾರ ಬಂತೆಂದರೆ ಅದೇ ಸ್ಲೈಡು, ನಂಬಿಕೆಯ ಅನುಭವ ಹೇಳುವ ಅದೇ ಸಾಕ್ಷಿ. ಬಡಿಸುವವರು ಉಣ್ಣುವುದೇ ಇಲ್ಲ.

ಮೊದಲ ಒಂದೆರಡು ತಿಂಗಳು ವೇದಿಕೆ ಹತ್ತದೆ ಹಿಂದಿನ ಬೆಂಚಿನಲ್ಲಿ ಕೂರುವುದು ಒಳ್ಳೆಯದು. ಪ್ರಾರ್ಥನೆ ಹತ್ತೇ ನಿಮಿಷ ಸಾಕು, ಹೊತ್ತು ಮಾತ್ರ ತಪ್ಪಬಾರದು. ಸ್ವಂತ ಮಾತು ಹೊರಡದಿದ್ದರೆ ಬೈಬಲಿನ 88ನೆಯ ಕೀರ್ತನೆ ಓದಬಹುದು. ಅದು ಕತ್ತಲೆಯಲ್ಲೇ ಮುಗಿಯುವ ಮೊರೆ, ಬತ್ತಿದ ಮನಸ್ಸಿಗೆ ಹೊಂದುತ್ತದೆ. ‘ಇನ್ನೂ ಉಪವಾಸ ಮಾಡಿ’ ಎಂಬ ಸಲಹೆ ದಣಿದವರನ್ನು ಮತ್ತಷ್ಟು ದಣಿಸುತ್ತದೆ. ನಿದ್ದೆ, ಹಸಿವು ಎರಡು ವಾರವಾದರೂ ಸರಿಹೋಗದಿದ್ದರೆ ಖಿನ್ನತೆಯಿರಬಹುದು, ವೈದ್ಯರನ್ನು ಕಾಣಬೇಕು.