ಕೃಷ್ಣಮೃಗಕ್ಕೆ ಬೇಕಿರುವುದು ಬಯಲು

ಕೃಷ್ಣಮೃಗಗಳು ನಿಮ್ಮ ಗೋವಿನಜೋಳದ ಹೊಲಕ್ಕೆ ನುಗ್ಗದಂತೆ ರಾಣೆಬೆನ್ನೂರು ಅಭಯಾರಣ್ಯದೊಳಗೆ ಇನ್ನಷ್ಟು ಮರ ನೆಡಬೇಕೇ ಎಂದು ಕೇಳಿದ್ದೀರಿ. ಬೇಡವೆಂದೇ ನನ್ನ ಅಭಿಪ್ರಾಯ. ದೂರದಿಂದಲೇ ಅಪಾಯವನ್ನು ಕಂಡು ಓಡಿ ಪಾರಾಗುವ ಈ ಪ್ರಾಣಿ ಹುಲ್ಲುಗಾವಲಿನದು. 1974ರಲ್ಲಿ ಅದಕ್ಕಾಗಿಯೇ ಘೋಷಿಸಿದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಆ ಪ್ರದೇಶದಲ್ಲಿ ನೀಲಗಿರಿ ನೆಡುತೋಪು ಹಬ್ಬಿ, ಅದರಡಿಯ ಹುಲ್ಲು ಸೊರಗಿದಷ್ಟೂ ಹಿಂಡುಗಳು ಹೊಲದ ಎಳೆಪೈರನ್ನು ಅರಸಿ ಬರುತ್ತವೆ. ಆದ್ದರಿಂದ ತೋಪುಗಳನ್ನು ಹಂತಹಂತವಾಗಿ ತೆರವುಗೊಳಿಸಿ ಹುಲ್ಲು ಬೆಳೆಸುವಂತೆ ಗ್ರಾಮಸಭೆಯ ಮೂಲಕ ಅರಣ್ಯ ಇಲಾಖೆಯನ್ನು ಒತ್ತಾಯಿಸುವುದು ಲೇಸು. ಅಲ್ಲಿಯವರೆಗೆ, ಪೈರು ಎಳೆಯದಾಗಿರುವ ವಾರಗಳಲ್ಲಿ ನೆರೆಹೊಲದವರೊಂದಿಗೆ ಸರದಿಯಂತೆ ಕಾವಲಿರಿ. ಹಾನಿಯಾದ ಕೂಡಲೇ ಫೋಟೊ, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸಿ. ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಮಾತ್ರ ಅಪರಾಧ, ಮನುಷ್ಯರಿಗೂ ಮಾರಕ.