ತಿಂಗಳಿಗೊಂದು ರೇಸ್ ಬೇಡ, ವರ್ಷಕ್ಕೆ ನಾಲ್ಕು ಸಾಕು

ಡೊಂಬಿವಲಿಯಲ್ಲಿದ್ದೀರಿ, 10 ಕಿ.ಮೀ. ಆರಾಮಾಗಿ ಓಡುತ್ತೀರಿ, ಮುಂದಿನ ವರ್ಷ ತಿಂಗಳಿಗೊಂದು ರೇಸ್ ಹಾಕಿಕೊಳ್ಳಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಒಂದು ವರ್ಷ ಹಾಗೇ ಓಡಿ, ಮೊಣಕಾಲು ನೋವಿನಿಂದ ಮೂರು ತಿಂಗಳು ಮನೆಯಲ್ಲಿ ಕೂತೆ.

ಮೊದಲು ಜನವರಿ ಮೂರನೇ ಭಾನುವಾರದ ಮುಂಬೈ ಮ್ಯಾರಥಾನ್ ಗುರುತು ಹಾಕಿ. ಅದರಲ್ಲಿ ಹಾಫ್, ಅಂದ್ರೆ 21.1 ಕಿ.ಮೀ.ನ ಅರ್ಧ ಮ್ಯಾರಥಾನ್. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಸೀ ಲಿಂಕ್ ಸೇತುವೆ ಮೇಲೆ ಸಮುದ್ರದ ಗಾಳಿಯಲ್ಲಿ ಓಡುವಾಗ ಕಾಲಿಗೆ ರೆಕ್ಕೆ ಬಂದ ಹಾಗಿರುತ್ತೆ. ಆದರೆ ಸುಸ್ತಾದ ಮೇಲೆ ಪೆಡ್ಡರ್ ರೋಡ್ ಏರು ಬರುತ್ತದೆ. ಅಲ್ಲಿಗೆ ಶಕ್ತಿ ಉಳಿಸಿಕೊಳ್ಳಬೇಕು.

ಆ ಏರಿಗೆ ಸೆಪ್ಟೆಂಬರ್‌ನ ಸತಾರಾ ಹಿಲ್ ಹಾಫ್ ಒಳ್ಳೆಯ ತಯಾರಿ. ಕಾಸ್ ರಸ್ತೆಯಲ್ಲಿ ಯವತೇಶ್ವರ ಘಾಟ್ ಹತ್ತಿ, ತಿರುಗಿ ಅದೇ ದಾರಿಯಲ್ಲಿ ಇಳಿಯುವುದು. ಹತ್ತುವಾಗ ಉಸಿರು ಕಟ್ಟುತ್ತೆ, ನಿಜ. ಆದರೆ ತೊಡೆಗೆ ಪೆಟ್ಟು ಜಾಸ್ತಿ ಬೀಳುವುದು ಇಳಿಯುವಾಗ! ಹಾಗಾಗಿ ಮಳೆಗಾಲದಲ್ಲಿ ರೇಸ್ ಬಿಟ್ಟು ವಾರಕ್ಕೊಮ್ಮೆ ಏರು-ಇಳಿಜಾರು ಎರಡನ್ನೂ ಓಡಿ. ಹೆಸರು ಬೇಗ ನೋಂದಾಯಿಸಿ, ಜಾಗ ತಿಂಗಳುಗಳ ಮುಂಚೆಯೇ ತುಂಬುತ್ತದೆ.

ಡಿಸೆಂಬರ್‌ನಲ್ಲಿ ಪುಣೆಯ ಹಾಫ್, ಜನವರಿಯ ವೇಗ ಪರೀಕ್ಷಿಸಲು ಅಷ್ಟೆ.

ಬೇಸಿಗೆಗೆ ಬೆಂಗಳೂರಿನ 10ಕೆ ಇದೆ. ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮ್ಮ ಮುಂಬೈಯ ಅಂಟಂಟು ಸೆಕೆ ಅಲ್ಲಿಲ್ಲ. ಹೇಗೂ ರಜೆಗೆ ಊರಿಗೆ ಹೋಗ್ತೀರಿ ಅಲ್ವಾ?